ಮಾನ್ಯ ಶಾಸಕರೇ, ನಮ್ಮ ಶಾಲೆಗೆ ಸಂಗೀತದ ಮೇಷ್ಟ್ರನ್ನು ಕೊಡಿ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಮ್ಮ ಸರ್ಕಾರಿ ಪ್ರೌಢಶಾಲೆಯ ಸಂಗೀತ ಶಿಕ್ಷಕರ ಹುದ್ದೆ ಖಾಲಿ ಬಿದ್ದು ವರ್ಷಗಳೇ ಕಳೆದವು. ಇದ್ದ ಮೇಡಂ ನಿವೃತ್ತರಾದರು, ಆಮೇಲೆ ಯಾರೂ ಬರಲಿಲ್ಲ. ಇದು ಹೊಸದಾಗಿ ಕೇಳುತ್ತಿರುವ ಹುದ್ದೆಯಲ್ಲ, ಮಂಜೂರಾಗಿರುವ ಹುದ್ದೆ. ನಿಯಮಗಳು ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಅವನ್ನು ಇಲ್ಲಿ ಬರೆಯಲು ಹೋಗುವುದಿಲ್ಲ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಠರಾವು ಮಾಡಿ ಕಳಿಸಿದೆ, ಪೋಷಕರು ಸಹಿ ಹಾಕಿ ಮನವಿ ಕೊಟ್ಟಿದ್ದಾರೆ, ನಾನೇ ನಿಮ್ಮ ಮನೆಯ ಜಗುಲಿಯಲ್ಲಿ ಅರ್ಜಿ ಹಿಡಿದು ಕಾದಿದ್ದೇನೆ. ಪ್ರತಿ ಸಲವೂ "ಫೈಲ್ ಮೇಲೆ ಹೋಗಿದೆ" ಎಂಬ ಒಂದೇ ಉತ್ತರ. ಹಾಗಾಗಿ ಎಲ್ಲರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಆ ಹುದ್ದೆ ತುಂಬಿಸಿಕೊಡಿ.

ಹೋದ ವರ್ಷ ನೀವೇ ಉದ್ಘಾಟನೆಗೆ ಬಂದಿದ್ದ ಸಮಾರಂಭ ನಿಮಗೆ ನೆನಪಿರಲಿಕ್ಕಿಲ್ಲ. ನನ್ನ ಮಗಳಿಗೆ ಪ್ರಾರ್ಥನೆ ಹಾಡಲು ಹೇಳಿದ್ದರು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ 'ಬ್ರೋಚೇವಾರೆವರುರಾ' ಕಲಿತಿದ್ದಳು. ನಿರೂಪಣೆ ಮಾಡುತ್ತಿದ್ದವರು ಅದನ್ನು "ಒಂದು ತೆಲುಗು ಸಿನಿಮಾ ಹಾಡು" ಎಂದು ಪರಿಚಯಿಸಿದರು. ಮಗಳು ತಲೆಯೆತ್ತಿ ನನ್ನ ಮುಖ ನೋಡಿದಳು, ಹಾಡು ಅಂತ ನಾನು ಸನ್ನೆ ಮಾಡಿದೆ. ಪಲ್ಲವಿ ಮುಗಿಸಿ ಅನುಪಲ್ಲವಿ ಎತ್ತಿಕೊಳ್ಳುವಷ್ಟರಲ್ಲಿ ನಿಮ್ಮ ಕಾರು ಗೇಟಿನೊಳಗೆ ಬಂತು. ಅವಳ ಕೈಯಿಂದಲೇ ಮೈಕ್ ಕಿತ್ತುಕೊಂಡು ನಿಮಗೆ ಸ್ವಾಗತ ಕೋರಿದರು. ಮಗು ವೇದಿಕೆಯ ಪಕ್ಕದಲ್ಲಿ ನಿಂತೇ ಇತ್ತು, ಇಳಿದು ಬಾ ಎಂದು ಹೇಳುವವರೂ ಇರಲಿಲ್ಲ. ಮುಂದೆ ಚರಣದಲ್ಲಿ ನನ್ನ ಮೊರೆ ಕೇಳಬಾರದೇ ಎಂದು ರಾಮನನ್ನು ಬೇಡುವ ಸಾಲಿದೆ. ಅಲ್ಲಿಗೆ ಅವಳು ತಲುಪಲೇ ಇಲ್ಲ. ಮೈಕ್ ಕಿತ್ತುಕೊಂಡಿದ್ದು ನೀವಲ್ಲ, ನಿಜ. ಆದರೆ ಒಬ್ಬ ಸಂಗೀತ ಶಿಕ್ಷಕರು ಆ ಶಾಲೆಯಲ್ಲಿ ಇದ್ದಿದ್ದರೆ ಹಾಗೆ ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಅದು ಸಿನಿಮಾಕ್ಕಾಗಿ ಹುಟ್ಟಿದ ಹಾಡಲ್ಲ ಸ್ವಾಮಿ. ಖಮಾಚ್ ರಾಗದ ಆ ಕೃತಿ ನಮ್ಮ ಮೈಸೂರು ವಾಸುದೇವಾಚಾರ್ಯರದ್ದು. ಸಿನಿಮಾದವರು ಎರವಲು ಪಡೆದದ್ದು ಎಷ್ಟೋ ಕಾಲದ ಮೇಲೆ. ಸಂಗೀತ ಪರೀಕ್ಷೆಗೆ ಕೂರುವ ಮಕ್ಕಳು ಹಾಡು ಕಟ್ಟಿ ರಾಗ ಕೂಡಿಸಿದ ವಾಗ್ಗೇಯಕಾರರ ಜೀವನವನ್ನೂ ಬರೆಯಬೇಕು, ನಾನೂ ನನ್ನ ಕಾಲದಲ್ಲಿ ಬರೆದಿದ್ದೆ. 1865ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ತಾತನ ಆಸರೆಯಲ್ಲಿ ಬೆಳೆದರು. ಸಂಸ್ಕೃತ ಓದುತ್ತ, ವೀಣೆ ಪದ್ಮನಾಭಯ್ಯನವರ ಹತ್ತಿರ ಸಂಗೀತ ಕಲಿತರು. ಇಷ್ಟೇ ಆಗಿದ್ದರೆ ಅವರ ಹೆಸರು ಇವತ್ತು ನಮಗೆ ಗೊತ್ತಿರುತ್ತಿತ್ತೋ ಇಲ್ಲವೋ. ಆಗ ಆಳುತ್ತಿದ್ದ ಚಾಮರಾಜೇಂದ್ರ ಒಡೆಯರು ಈ ಹುಡುಗನನ್ನು ಅರಮನೆಯ ಖರ್ಚಿನಲ್ಲಿ ತಂಜಾವೂರಿನ ಹತ್ತಿರದ ತಿರುವೈಯಾರಿಗೆ ಕಳಿಸಿದರು. ಅಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಮನೆಯಲ್ಲಿ ಗುರುಕುಲವಾಸ. ಆ ಗುರುವಿನ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯ, ಅವರು ತ್ಯಾಗರಾಜರಿಗೇ ಶಿಷ್ಯ. ತ್ಯಾಗರಾಜರ ಪಾಠ ಮೈಸೂರಿನ ಹುಡುಗನವರೆಗೆ ಬಂದದ್ದು ರಾಜ್ಯ ಕೈಬಿಚ್ಚಿ ಖರ್ಚು ಮಾಡಿದ್ದರಿಂದ.

ಆ ಖರ್ಚಿಗೆ ನಾಡಿಗೆ ಸಿಕ್ಕಿದ್ದೇನು ಗೊತ್ತೇ? 'ವಾಸುದೇವ' ಅಂಕಿತದಲ್ಲಿ ತೆಲುಗು, ಸಂಸ್ಕೃತದ ನೂರಾರು ರಚನೆಗಳು. ಹಿಂದೋಳದ 'ಮಾಮವತು ಶ್ರೀ ಸರಸ್ವತಿ', ಅಭೇರಿಯ 'ಭಜರೇ ಮಾನಸ', ಮೋಹನದ 'ರಾ ರಾ ರಾಜೀವಲೋಚನ' ಇವತ್ತಿಗೂ ಕಛೇರಿಗಳಲ್ಲಿ ಕೇಳುತ್ತವೆ. ತಾವು ಕಂಡ ಹಳೆಯ ವಿದ್ವಾಂಸರ ಬಗ್ಗೆ ಕನ್ನಡದಲ್ಲಿ ಬರೆದಿಟ್ಟರು. ತೊಂಬತ್ತರ ವಯಸ್ಸಿನ ಆಸುಪಾಸಿನಲ್ಲಿ ಮದ್ರಾಸಿನ ಕಲಾಕ್ಷೇತ್ರ ಎಂಬ ಕಲಾಶಾಲೆಯಲ್ಲಿ ಪಾಠ ಹೇಳುತ್ತ ಅದನ್ನು ಕಟ್ಟಿದ ನೃತ್ಯಕಲಾವಿದೆ ರುಕ್ಮಿಣಿದೇವಿಯವರ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಕೂಡಿಸಿದರು. 1959ರಲ್ಲಿ ಪದ್ಮಭೂಷಣ ಬಂತು, 1961ರಲ್ಲಿ ತೀರಿಕೊಂಡರು. ರಾಜರ ಕಾಲದಲ್ಲಿ ಸಾಧ್ಯವಾದದ್ದು ನಾವೇ ಮತ ಹಾಕಿ ಆರಿಸಿದವರ ಕಾಲದಲ್ಲಿ ಯಾಕೆ ಆಗುವುದಿಲ್ಲ? ನಾನು ತಿರುವೈಯಾರಿಗೆ ಕಳಿಸಿ ಎನ್ನುತ್ತಿಲ್ಲ. ನಮ್ಮೂರ ಶಾಲೆಗೆ ಒಬ್ಬ ಮೇಷ್ಟ್ರನ್ನು ಕೊಡಿ ಎನ್ನುತ್ತಿದ್ದೇನೆ.

ಈಗ ಮಗಳ ಪಾಠಕ್ಕೆ ಭಾನುವಾರ ಶಿವಮೊಗ್ಗಕ್ಕೆ ಹೋಗಬೇಕು. ಬೆಳಗಿನ ಬಸ್ಸು ತಪ್ಪಿದರೆ ಆ ವಾರದ ಪಾಠವೂ ತಪ್ಪಿದಂತೆ. ಮಳೆಗಾಲದಲ್ಲಿ ಘಟ್ಟದ ದಾರಿಯಲ್ಲಿ ಮರ ಬಿದ್ದರೆ ಅರ್ಧ ದಾರಿಯಿಂದಲೇ ವಾಪಸ್ಸು. ಗೊನೆ ಕೊಯ್ಲಿನ ಹೊತ್ತಿಗೆ ಮನೆ ತುಂಬ ಅಡಿಕೆ, ಸುಲಿಯುವವರಿಗೆ ಕಾಫಿ ತಿಂಡಿ ಆಗಬೇಕು, ಅದನ್ನು ಬಿಟ್ಟು ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಎಲೆಚುಕ್ಕಿ ರೋಗ ತೋಟಕ್ಕೆ ಬಂದ ಮೇಲೆ ಬಸ್ಸಿನ ದುಡ್ಡು, ಪಾಠದ ಫೀಸು ಎಲ್ಲವನ್ನೂ ಲೆಕ್ಕ ಹಾಕುವಂತಾಗಿದೆ. ಇಷ್ಟಾದರೂ ನಮ್ಮದು ತೋಟವಿರುವ ಮನೆ, ಹೇಗೋ ನಡೆಯುತ್ತದೆ. ಇವಳ ಪಕ್ಕದಲ್ಲೇ ಕೂರುವ ಹುಡುಗಿಯ ಅಮ್ಮ ಕೂಲಿಗೆ ಹೋಗುತ್ತಾರೆ. ಆ ಹುಡುಗಿಯದು ನನ್ನ ಮಗಳಿಗಿಂತ ಒಳ್ಳೆಯ ಕಂಠ. ಅವಳನ್ನು ಶಿವಮೊಗ್ಗಕ್ಕೆ ಯಾರು ಕರೆದುಕೊಂಡು ಹೋಗಬೇಕು? ಅವಳಿಗಿರುವುದು ಸರ್ಕಾರಿ ಶಾಲೆ ಒಂದೇ.

ಶಾಲೆಯ ಸಂಗೀತದ ಕೋಣೆಯನ್ನೂ ಒಮ್ಮೆ ಬಂದು ನೋಡಿ. ಬಿಸಿಯೂಟದ ಅಕ್ಕಿ ಮೂಟೆಗಳ ಹಿಂದೆ ತಂಬೂರಿಯನ್ನು ಗೋಡೆಗೆ ಒರಗಿಸಿಟ್ಟಿದ್ದಾರೆ. ನಮ್ಮ ಕಡೆಯ ಥಂಡಿಗೆ ಬುರುಡೆಯ ಮೇಲೆಲ್ಲ ಬೂಷ್ಟು ಹಿಡಿದಿದೆ. ಎರಡು ತಂತಿ ಇಲ್ಲ, ಉಳಿದವು ತುಕ್ಕು ಹಿಡಿದಿವೆ, ತಂತಿ ಬಿಗಿಯುವ ಬಿರಡೆ ತಿರುಗಿಸಿದರೆ ಕೈಗೇ ಬರುತ್ತದೆ. ನಾದ ಏಳಲೆಂದು, ತಂತಿಗಳನ್ನು ಹೊರುವ ಕುದುರೆ ಎಂಬ ತುಂಡಿನ ಮೇಲೆ ತಂತಿಯಡಿ ಸಿಕ್ಕಿಸುವ ಹತ್ತಿಯ ದಾರ ಮಾತ್ರ ಹಾಗೇ ಇದೆ, ನಿವೃತ್ತರಾದ ಮೇಡಂ ಸಿಕ್ಕಿಸಿದ್ದು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಇದನ್ನೆಲ್ಲ ಹೇಳಿಕೊಂಡಾಗ ಒಬ್ಬ ಅಧಿಕಾರಿ ಏನಂದರು ಗೊತ್ತೇ? "ಯೂಟ್ಯೂಬಲ್ಲಿ ಎಲ್ಲಾ ಸಿಗ್ತದಲ್ಲಮ್ಮ, ಅದಕ್ಕೆ ಮೇಷ್ಟ್ರು ಯಾಕೆ?" ಖಮಾಚಿನಲ್ಲಿ ಅಪರೂಪಕ್ಕೆ ಬರುವ ಕಾಕಲಿ ನಿಷಾದ ಎಂಬ ಸ್ವರವನ್ನು ಎಲ್ಲಿ ಮುಟ್ಟಬೇಕು, ಎಲ್ಲಿ ಬಿಡಬೇಕು ಎಂದು ಮೊಬೈಲು ಹಾಡಿ ತೋರಿಸೀತು. ಮಗು ತಪ್ಪು ಹಾಡಿದಾಗ ನಿಲ್ಲಿಸಿ, ಮತ್ತೆ ಹಾಡಿಸಿ, ಸರಿಯಾಗುವ ತನಕ ಎದುರಿಗೆ ಕೂತಿರುವುದು ಮೊಬೈಲಿನಿಂದ ಆಗುತ್ತದೆಯೇ? ಗಣಿತಕ್ಕೂ ವಿಜ್ಞಾನಕ್ಕೂ ಯೂಟ್ಯೂಬ್ ಇದೆ. ಆ ಮೇಷ್ಟ್ರುಗಳನ್ನೂ ಮನೆಗೆ ಕಳಿಸುತ್ತೀರಾ?

ಸಿಟ್ಟಿನಲ್ಲಿ ಮಾತು ಒರಟಾಗಿದ್ದರೂ ಬರೆದದ್ದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ, ಕೇಳಿ ಕೇಳಿ ಸಾಕಾಗಿದೆ. ಬರುವ ಶೈಕ್ಷಣಿಕ ವರ್ಷ ಶುರುವಾಗುವ ಹೊತ್ತಿಗೆ ಆ ಹುದ್ದೆ ತುಂಬಿಸಿ. ಕಾಯಂ ನೇಮಕಾತಿ ತಡವಾಗುವುದಾದರೆ ಅಲ್ಲಿಯವರೆಗೆ ಒಬ್ಬ ಅತಿಥಿ ಶಿಕ್ಷಕರನ್ನಾದರೂ ಕೊಡಿಸಿ. ಅಕ್ಕಿ ಮೂಟೆಗಳನ್ನು ಬೇರೆ ಕಡೆ ಇಡಿಸಿ, ತಂಬೂರಿ ರಿಪೇರಿ ಮಾಡಿಸಿ. ಇಷ್ಟನ್ನೂ ಮಾಡಲಾಗುವುದಿಲ್ಲ ಎಂದಾದರೆ ಅದನ್ನು ಬಾಯಿಮಾತಿನಲ್ಲಿ ಬೇಡ, ನಿಮ್ಮ ಸಹಿ ಹಾಕಿ ಬರೆದು ಕೊಡಿ. ಗ್ರಾಮಸಭೆಯಲ್ಲಿ ನಾನೇ ಎದ್ದು ನಿಂತು ಓದುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ಮತದಾರಳು, ಒಬ್ಬ ವಿದ್ಯಾರ್ಥಿನಿಯ ತಾಯಿ