ಓವರ್ ಲೆಕ್ಕದ ಬಗ್ಗೆ ಏಳನೇ ತರಗತಿಯ ಪೋಷಕರಿಗೆ

ದಾವಣಗೆರೆ

ಮಾನ್ಯ ಪೋಷಕರೇ,

ನಮಸ್ಕಾರ. ಹೋದ ವಾರ ಇಬ್ಬರು ತಂದೆಯರು ಬೇರೆ ಬೇರೆ ದಿನ ನನ್ನ ಕೊಠಡಿಗೆ ಬಂದು ಸಿಟ್ಟು ಮಾಡಿಕೊಂಡು ಹೋದರು. ಎರಡೂ ತಕರಾರಿನ ಮೂಲ ಒಂದೇ, ಕ್ರಿಕೆಟ್ಟಿನ ಓವರು. ಅವರಿಗೆ ಹೇಳಿದ್ದನ್ನು ಎಲ್ಲರಿಗೂ ಒಮ್ಮೆ ಬರೆದುಬಿಡುತ್ತೇನೆ.

ಮೊದಲನೆಯವರ ಕೈಯಲ್ಲಿ ಮಗನ ದಶಮಾಂಶದ ಕಿರುಪರೀಕ್ಷೆಯ ಹಾಳೆ ಇತ್ತು. 4.3 ಮತ್ತು 2.4 ಕೂಡಿಸಿ ಹುಡುಗ 7.1 ಎಂದು ಬರೆದಿದ್ದ. ಗಣಿತದ ಮೇಷ್ಟ್ರು ಅಡ್ಡಗೆರೆ ಎಳೆದಿದ್ದರು. "ಟಿವ್ಯಾಗ ಹಂಗ ಬರ್ತತಲ್ರೀ ಸಾರ್" ಎಂದರು ತಂದೆ. ಸುಳ್ಳಲ್ಲ. ಮೊದಲ ವಿಕೆಟ್ಟಿನ ಜೊತೆಯಾಟ 4.3 ಓವರ್, ಎರಡನೆಯದು 2.4 ಓವರ್ ಆದರೆ, ಎರಡನೇ ವಿಕೆಟ್ ಬಿದ್ದದ್ದು 7.1ನೇ ಓವರಿನಲ್ಲೇ. ಓವರಿನಲ್ಲಿ ಚುಕ್ಕಿಯ ಬಲಕ್ಕಿರುವುದು ಹತ್ತನೇ ಭಾಗವಲ್ಲ, ಬಿಡಿ ಎಸೆತ. ಆರು ತುಂಬಿದ ತಕ್ಷಣ ಅದು ಎಡಕ್ಕೆ ಜಿಗಿಯುತ್ತದೆ. ಮಂಡಕ್ಕಿ ಅಳೆಯುವಾಗ ನಾಲ್ಕು ಪಾವಾದರೆ ಒಂದು ಸೇರು ಎನ್ನುತ್ತೇವಲ್ಲ, ಹಾಗೆ. ಆದರೆ ಪರೀಕ್ಷೆಯಲ್ಲಿ ಕೇಳಿದ್ದು ದಶಮಾಂಶ, ಉತ್ತರ 6.7. ಹಾಗಾಗಿ ಅಂಕ ವಾಪಸ್ ಕೊಡಲಿಲ್ಲ. ನಿಜ ಹೇಳಬೇಕೆಂದರೆ, ಆ ಹುಡುಗನ ತಪ್ಪು ನನಗೆ ಬಹಳ ಹಿಡಿಸಿತು.

ದೊಡ್ಡವರೂ ಇಲ್ಲೇ ಎಡವುತ್ತೇವೆ. 1983ರ ವಿಶ್ವಕಪ್ ಫೈನಲ್ಲಿನಲ್ಲಿ ಭಾರತ 54.4 ಓವರುಗಳಲ್ಲಿ 183ಕ್ಕೆ ಆಲೌಟ್ ಆಯಿತು. ಆಗ ಒಂದು ಇನ್ನಿಂಗ್ಸಿಗೆ 60 ಓವರ್. ರನ್ ಸರಾಸರಿ ಬೇಕೆಂದು ಕ್ಯಾಲ್ಕ್ಯುಲೇಟರಿನಲ್ಲಿ 183ನ್ನು 54.4ರಿಂದ ಭಾಗಿಸಿದರೆ 3.36 ಬರುತ್ತದೆ, ತಪ್ಪು. ಮೊದಲು ಎಸೆತ ಎಣಿಸಬೇಕು: 54 ಸಲ 6, ಮೇಲೆ 4, ಒಟ್ಟು 328. ಒಂದು ಎಸೆತಕ್ಕೆ ಎಷ್ಟು ರನ್ ಎಂದು ತೆಗೆದು ಆರರಿಂದ ಗುಣಿಸಿದರೆ 3.35.

ಎರಡನೆಯವರ ಸಿಟ್ಟು ಶನಿವಾರದ ಮ್ಯಾಚಿನದ್ದು. ಮಗ ಮೂರು ವಿಕೆಟ್ ತೆಗೆದರೂ ಎರಡೇ ಓವರ್ ಕೊಟ್ಟಿರಿ, ಅವನು ನಾಳೆ ವಿನಯ್ ಕುಮಾರ್ ಆಗೋ ಹುಡುಗ ಎಂದರು. ಆಗಲಿ, ಸಂತೋಷ. ಆದರೆ ನಮ್ಮೂರಿನ ವಿನಯ್ ಕುಮಾರ್ ಅವರಿಗೂ ಒಂದು ಏಕದಿನ ಪಂದ್ಯದಲ್ಲಿ ಹತ್ತರ ಮೇಲೆ ಹನ್ನೊಂದನೇ ಓವರ್ ಸಿಗುತ್ತಿರಲಿಲ್ಲ. ಒಟ್ಟು ಓವರಿನ ಐದನೇ ಒಂದು ಪಾಲಷ್ಟೇ ಒಬ್ಬ ಬೌಲರಿಗೆ: 50ಕ್ಕೆ 10, ನಮ್ಮ 10 ಓವರಿನ ಆಟಕ್ಕೆ 2. ಒಬ್ಬರೇ ಬೆನ್ನುಬೆನ್ನಿಗೆ ಎರಡು ಓವರ್ ಹಾಕುವಂತೆಯೂ ಇಲ್ಲ. ಹೀಗಾಗಿ ಕಡಿಮೆಯೆಂದರೂ ಐದು ಮಕ್ಕಳ ಕೈಗೆ ಚೆಂಡು ಬರುತ್ತದೆ. ಈ ನಿಯಮವನ್ನು ಶಾಲೆಯಲ್ಲಿ ನಾನು ಸಡಿಲಿಸುವುದಿಲ್ಲ.

ಅದೇ ಮ್ಯಾಚಿನಲ್ಲಿ ಒಬ್ಬ ಹುಡುಗಿ ಐದು ವೈಡ್ ಸೇರಿಸಿ ಹನ್ನೊಂದು ಬಾಲ್ ಹಾಕಿದಳು. ಸ್ಕೋರ್ ಬರೆಯುತ್ತಿದ್ದವರು 1.5 ಓವರ್ ಎಂದು ಬರೆದು, ಅವಳಿಗೆ ಇನ್ನೊಂದೇ ಬಾಲ್ ಉಳಿದಿದೆ ಎಂದು ಹಟ ಹಿಡಿದರು. ವೈಡು, ನೋಬಾಲು ರನ್ನಿಗೆ ಸೇರುತ್ತವೆ, ಓವರಿಗಲ್ಲ. ಅವಳು ಹಾಕಿದ್ದು ಸರಿಯಾಗಿ ಒಂದು ಓವರ್. ಉಳಿದ ಓವರನ್ನೂ ಹಾಕಿಸಿದೆವು. ಅದರಲ್ಲಿ ವೈಡ್ ಬರಲಿಲ್ಲ.

ಮುಂದಿನ ಶನಿವಾರ ಬೆಳಗ್ಗೆ 8 ಗಂಟೆಗೆ ಮತ್ತೆ ಆಟವಿದೆ. ಸ್ಕೋರ್ ಪುಸ್ತಕದ ಪಕ್ಕ ಕೂರಲು ಇಬ್ಬರು ಪೋಷಕರು ಬೇಕು. ಮೇಲಿನ ಇಬ್ಬರು ತಂದೆಯರೇ ಬಂದರೆ ಇನ್ನೂ ಒಳ್ಳೆಯದು. ಪೆನ್ಸಿಲ್, ರಬ್ಬರ್ ನಾವೇ ಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು

ವಿ.ಸೂ.: ಮಕ್ಕಳಿಗೆ ಎರಡು ಮನೆಲೆಕ್ಕ ಕೊಟ್ಟಿದ್ದೇವೆ, ಜೊತೆಗೆ ಕೂತು ಮಾಡಿಸಿ. 1993ರ ಹೀರೋ ಕಪ್ ಫೈನಲ್ಲಿನಲ್ಲಿ ಅನಿಲ್ ಕುಂಬ್ಳೆ 6.1 ಓವರಿನಲ್ಲಿ 12 ರನ್ನಿಗೆ 6 ವಿಕೆಟ್ ಕಿತ್ತರು. ಅವರ ಹತ್ತರಲ್ಲಿ ಎಷ್ಟು ಓವರ್ ಉಳಿಯಿತು? (3.9 ಅಲ್ಲ.) 1971ರ ಜನವರಿ 5ರಂದು ಮೆಲ್ಬರ್ನಿನಲ್ಲಿ ನಡೆದ ಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯ ತಂಡಕ್ಕೆ 40 ಓವರಿನದು, ಓವರಿಗೆ 8 ಎಸೆತ. ಈಗಿನ 50 ಓವರಿಗಿಂತ ಎಸೆತ ಹೆಚ್ಚೋ ಕಡಿಮೆಯೋ?