ವೈಫೈ ನಿಧಾನ ಅನ್ನುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ ಅಂತ ಗೊತ್ತಾದ ದಿನದಿಂದ ಮೂರು ಮಹಡಿಯ ವೈಫೈ ನನ್ನ ತಲೆ ಮೇಲಿದೆ. ಮಿಕ್ಸಿ ಕೆಟ್ಟರೂ ನನಗೇ ಫೋನ್ ಬರುತ್ತದೆ, ಇರಲಿ.

ಈ ವಾರ ನಾಲ್ಕು ಮನೆಗೆ ಹೋಗಿ ಬಂದೆ. ಒಂದು ಕಡೆ ರೂಟರ್ ಸ್ಟೀಲ್ ಬೀರುವಿನ ಹಿಂದೆ ಅಡಗಿ ಕೂತಿತ್ತು. ಇನ್ನೊಂದು ಕಡೆ ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ಮೇಲೆ ಹೂದಾನಿ ಇಟ್ಟಿದ್ದರು. ಪಾಪ, ಅದಕ್ಕೂ ಸೆಖೆ ಆಗುತ್ತೆ ಅಲ್ವಾ? ಮನೆಯ ನಡುವೆ, ಸ್ವಲ್ಪ ಎತ್ತರದಲ್ಲಿ, ಬೀರುವಿನಿಂದ ದೂರ ಇಡಿ.

ನಿಜವಾದ ತಾಪತ್ರಯ ಬೇರೆ. ನಮ್ಮ ರೂಟರ್‌ಗಳೆಲ್ಲ 2.4 ಗಿಗಾಹರ್ಟ್ಸ್ ಅನ್ನುವ ಒಂದೇ ರೇಡಿಯೋ ಪಟ್ಟಿಯಲ್ಲಿ ಸಂತೆಯ ಹಾಗೆ ಒಟ್ಟಿಗೆ ಕೂಗಾಡುತ್ತಿವೆ. ಅಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಬಳಸಲು ಸಿಗುವುದು ಮೂರೇ ಚಾನೆಲ್, ಅಂದರೆ ಆ ಪಟ್ಟಿಯೊಳಗಿನ ಓಣಿಗಳು: 1, 6, 11. ಮೈಕ್ರೋವೇವ್ ಓವನ್ ಓಡುವುದೂ ಸುಮಾರು 2.45ರಲ್ಲೇ. ನೀವು ಅನ್ನ ಬಿಸಿ ಮಾಡುವಾಗ ಮಗನ ಆನ್‌ಲೈನ್ ಕ್ಲಾಸ್ ನಿಂತರೆ ಇಂಟರ್ನೆಟ್ ಕಂಪನಿಯವರಿಗೆ ಬೈಯಬೇಡಿ. ರೂಟರ್ ಹತ್ತಿರದಲ್ಲಿರುವ ಟಿವಿ, ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಗೋಡೆ ದಾಟುವುದರಲ್ಲಿ ಅದು ಸೋಂಬೇರಿ, ಆದರೆ ವೇಗ ಜಾಸ್ತಿ.

ಭಾನುವಾರ ಬೆಳಿಗ್ಗೆ 10ಕ್ಕೆ ಕೆಳಗೆ ಸೇರಿ ಚಾನೆಲ್ ಹಂಚಿಕೊಳ್ಳೋಣ. ರೂಟರ್ ಪಾಸ್‌ವರ್ಡ್ ನೆನಪು ಮಾಡಿಕೊಂಡು ಬನ್ನಿ. ಸುಮ್ನೆ ಈ ಗುಂಪಿನಲ್ಲಿ ಹಾಕಬೇಡಿ. ಕಳೆದ ಸಲ ಒಬ್ಬರು ಹಾಕಿದ್ದರು, ಮರುದಿನದಿಂದ ಅವರ ನೆಟ್ ಇನ್ನೂ ನಿಧಾನವಾಯಿತು. ಯಾಕೆ ಅಂತ ಎಲ್ಲರಿಗೂ ಗೊತ್ತು.

ಪ್ರಿಂಟರ್ ಮಾತ್ರ ತರಬೇಡಿ. ಅದು ನನ್ನ ಕೈಯಲ್ಲೂ ಆಗುವುದಿಲ್ಲ.