ಸೋಲಾರಿಸ್ ಅಪ್‌ಗ್ರೇಡ್ ಮಾಡ್ಕೊಟ್ಟ ಇಂಜಿನಿಯರ್ ಸಾರ್‌ಗೆ ಥ್ಯಾಂಕ್ಸ್

ಲ್ಯಾಬಿನ ಹಳೇ ಸನ್ ಕಂಪನಿ ವರ್ಕ್‌ಸ್ಟೇಷನ್ನಿನ ಆಪರೇಟಿಂಗ್ ಸಿಸ್ಟಮ್ಮನ್ನ ಸೋಲಾರಿಸ್ 8ರಿಂದ 10ಕ್ಕೆ ಏರಿಸ್ಬೇಕಿತ್ತು, ಒಳಗೆ ಎಲ್ರ ಥೀಸಿಸ್ ಡೇಟಾ, ಕೈ ಹಾಕೋಕೆ ಯಾರಿಗೂ ಧೈರ್ಯ ಇಲ್ಲ. ಪಕ್ಕದ ರೂಮಿನ ಪ್ರಿಂಟರ್ ರಿಪೇರಿಗೆ ಬಂದಿದ್ದ ಇಂಜಿನಿಯರ್ ಒಬ್ರು ನೋಡಿ, ತಾವಾಗೇ ಕುರ್ಚಿ ಎಳ್ಕೊಂಡು ಕೂತ್ರು. ಮೊದ್ಲು ಯುಎಫ್‌ಎಸ್‌ಡಂಪ್ ಅನ್ನೋ ಕಮ್ಯಾಂಡಲ್ಲಿ ಟೇಪಿಗೆ ಬ್ಯಾಕಪ್, ಅಷ್ಟಕ್ಕೇ ಬಿಡ್ದೆ ಟೇಪಿಂದ ಒಂದು ಫೈಲ್ ವಾಪಸ್ ತೆಗೆದು ಓಪನ್ ಮಾಡಿ ತೋರ್ಸಿದ್ರು (ಇದನ್ನ ಯಾರು ಮಾಡ್ತಾರೆ ಹೇಳಿ!). ಆಮೇಲೆ ಲೈವ್ ಅಪ್‌ಗ್ರೇಡ್, ಅಂದ್ರೆ ಖಾಲಿ ಇದ್ದ ಎರಡನೇ ಡಿಸ್ಕಿಗೆ ಸಿಸ್ಟಮ್ ಕಾಪಿ ಮಾಡಿ ಆ ಕಾಪಿ ಮೇಲೇ ಅಪ್‌ಗ್ರೇಡ್, ಹಳೇದು ಓಡ್ತಾನೇ ಇತ್ತು, ಹುಡುಗ್ರು ಕೆಲ್ಸ ಮಾಡ್ತಾನೇ ಇದ್ರು. "ಕೊನೇಲಿ ರೀಬೂಟ್ ಕಮ್ಯಾಂಡ್ ಬೇಡ, ಇನಿಟ್ 6 ಕೊಡಿ" (ಅದೂ ರೀಸ್ಟಾರ್ಟೇ, ಆದ್ರೆ ಎಲ್ಲಾನೂ ಕ್ರಮವಾಗಿ ಮುಚ್ಚಿ ಮಾಡೋದು) ಅಂತ ಚೀಟೀಲಿ ಬರ್ದು ಮಾನಿಟರಿಗೆ ಅಂಟಿಸಿದ್ರು. ಲಾಗಿನ್ ಆಗಿ ಫೈಲೆಲ್ಲಾ ಕಂಡ್ಮೇಲೇ ನಂಗೆ ಜೀವ ಬಂದಿದ್ದು. ಟೀನೂ ಕುಡೀದೆ ಹೊರಟ್ರು, ಹೆಸ್ರು ಕೇಳೋಕೂ ಆಗ್ಲಿಲ್ಲ. ತುಂಬಾ ಥ್ಯಾಂಕ್ಸ್ ಸಾರ್.